ಗೋಡೆಗೆ ಬರುವ ಮುನ್ನ: ಫೋಟೋ ಪ್ರದರ್ಶನದ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ ಕೇಳಿವೆ. ಫೋಟೋ ತೆಗೆದಾಯ್ತು, ಇನ್ನು ಎಲ್ಲಿ ತೋರಿಸೋದು? ನಾನು ಇಪ್ಪತ್ತಾರು ವರ್ಷ ಬೇರೆಯವರ ಫೋಟೋಗಳನ್ನು ಪ್ರಿಂಟ್ ಮಾಡಿ ಗ್ಯಾಲರಿ ಗೋಡೆಗಳಿಗೆ ತೂಗುಹಾಕಿದವಳು. ಮೊದಲ ಹತ್ತು ವರ್ಷ ಡಾರ್ಕ್‌ರೂಮಿನಲ್ಲಿ, ಆಮೇಲೆ ಇಂಕ್‌ಜೆಟ್ ಪ್ರಿಂಟರಿನ ಮುಂದೆ. ನನ್ನವೇ ಮೂರು ಪ್ರದರ್ಶನಗಳೂ ಆಗಿವೆ. ಅಲ್ಲಿ ಕಂಡು ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಪ್ರಶ್ನೆ: ಮೇಡಂ, ಹನ್ನೊಂದು ವರ್ಷದಿಂದ ಸಲಾನ್‌ಗಳಿಗೆ, ಅಂದರೆ ಫೋಟೋ ಸ್ಪರ್ಧೆಗಳಿಗೆ, ಫೋಟೋ ಕಳಿಸುತ್ತಿದ್ದೇನೆ. ಇನ್ನೂರಕ್ಕೂ ಹೆಚ್ಚು ಚಿತ್ರಗಳು ಆಯ್ಕೆಯಾಗಿವೆ, ಫಿಯಾಪ್ ಎಂಬ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟದ ಎಎಫ್‌ಐಎಪಿ ಬಿರುದೂ ಬಂದಿದೆ. ಆದರೆ ಯಾವ ಗ್ಯಾಲರಿಗೆ ಬರೆದರೂ ಉತ್ತರ ಇಲ್ಲ. ನನ್ನ ಕೆಲಸದಲ್ಲಿ ಏನು ಕೊರತೆ?

ನಿಮ್ಮ ಪತ್ರದ ಜೊತೆ ಇದ್ದ ಚಿತ್ರಗಳನ್ನು ಎರಡು ಸಲ ನೋಡಿದೆ. ಕೈ ಪಳಗಿದೆ. ಬೆಳಕು ಎಲ್ಲಿಂದ ಬರುತ್ತದೆ, ಯಾವಾಗ ಕ್ಲಿಕ್ ಮಾಡಬೇಕು ಅನ್ನೋದು ನಿಮಗೆ ಚೆನ್ನಾಗಿ ಗೊತ್ತು. ತೊಂದರೆ ಇರುವುದು ನೀವು ಕಳಿಸಿದ ರೀತಿಯಲ್ಲಿ.

ಸಲಾನ್ ಒಂದು ಲೋಕ, ಗ್ಯಾಲರಿ ಇನ್ನೊಂದು ಲೋಕ. ಫಿಯಾಪ್ 1950ರಲ್ಲಿ ಶುರುವಾಯಿತು. ಅದರ ಮನ್ನಣೆ ಇರುವ ಸಲಾನ್‌ಗಳಲ್ಲಿ ತೀರ್ಪುಗಾರರ ಮುಂದೆ ಸಾವಿರಾರು ಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ. ಒಂದೊಂದಕ್ಕೂ ಸಿಗುವುದು ಕೆಲವು ಸೆಕೆಂಡು. ಅಷ್ಟರಲ್ಲಿ ಕಣ್ಣು ಹಿಡಿಯಬೇಕು. ಹಾಗಾಗಿ ನೋಡಿದ ಕೂಡಲೇ ಎಲ್ಲವನ್ನೂ ಹೇಳಿ ಮುಗಿಸುವ ಚಿತ್ರ ಅಲ್ಲಿ ಗೆಲ್ಲುತ್ತದೆ. ಅದನ್ನು ನಾನು ಕೀಳಾಗಿ ನೋಡುವುದಿಲ್ಲ. ಕಣ್ಣು ಪಳಗಲು ಅದು ಒಳ್ಳೆಯ ಗರಡಿ.

ಗ್ಯಾಲರಿಗೆ ಬರುವವರು ಹಾಗಲ್ಲ, ನಡೆಯುತ್ತಾ ನೋಡುತ್ತಾರೆ. ಒಂದು ಚಿತ್ರದ ಮುಂದೆ ನಿಂತು, ಪಕ್ಕದ್ದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಂದು ಮೊದಲಿನದನ್ನೇ ನೋಡುತ್ತಾರೆ. ಅಲ್ಲಿ ಚಿತ್ರಗಳು ಒಂದರ ಜೊತೆ ಒಂದು ಮಾತಾಡಬೇಕು. ನೀವು ಗ್ಯಾಲರಿಗೆ ಕಳಿಸಿದ್ದು ಒಂದು ಗೂಬೆ, ಒಂದು ಮರಳುದಿಬ್ಬ, ಒಬ್ಬ ಮುದುಕರ ಮುಖ, ಒಂದು ಸೇತುವೆ. ನಾಲ್ಕೂ ಚೆನ್ನಾಗಿವೆ. ಆದರೆ ಈ ನಾಲ್ಕನ್ನೂ ಒಬ್ಬರೇ ಯಾಕೆ ತೆಗೆದರು ಅಂತ ನೋಡುವವರಿಗೆ ತಿಳಿಯುವುದಿಲ್ಲ, ಅಲ್ವಾ?

ಒಂದು ಅನುಭವ ಹೇಳುತ್ತೇನೆ. ಒಬ್ಬರು ತಮ್ಮ ಬಹುಮಾನ ಬಂದ 24 ಚಿತ್ರಗಳನ್ನು ಪ್ರಿಂಟ್ ಮಾಡಿಸಲು ಬಂದಿದ್ದರು. ಎಲ್ಲವನ್ನೂ ಗೋಡೆಗೆ ಒರಗಿಸಿ ನೋಡಿದಾಗ ಇಬ್ಬರಿಗೂ ಕಣ್ಣು ಸುಸ್ತಾಯಿತು. ಪ್ರತಿ ಚಿತ್ರವೂ ಜೋರು ದನಿಯಲ್ಲಿ ಕೂಗುತ್ತಿತ್ತು. ಬೇರೆ ಏನಿದೆ ತೋರಿಸಿ ಅಂದೆ. ಲ್ಯಾಪ್‌ಟಾಪಿನ ಒಂದು ಮೂಲೆಯಲ್ಲಿ ಅವರ ತಾಯಿ ತೀರಿಕೊಂಡ ಮೇಲೆ ಖಾಲಿ ಮನೆಯಲ್ಲಿ ತೆಗೆದ ಚಿತ್ರಗಳಿದ್ದವು. ಮಡಿಸಿಟ್ಟ ಚಾಪೆ, ಕನ್ನಡಕದ ಡಬ್ಬಿ, ಗೋಡೆಯಲ್ಲಿ ಕ್ಯಾಲೆಂಡರ್ ತೆಗೆದ ಜಾಗದ ಬಿಳಿ ಗುರುತು. ಯಾವ ಸ್ಪರ್ಧೆಗೂ ಅವನ್ನು ಕಳಿಸಿರಲಿಲ್ಲ. ಕಡೆಗೆ ಗೋಡೆಗೆ ಹೋದದ್ದು ಅವೇ, ಹದಿನಾರು. ಬಹುಮಾನ ಬಂದದ್ದು ಒಂದೂ ಇರಲಿಲ್ಲ.

ನೀವೂ ಹೀಗೆ ಮಾಡಿ ನೋಡಿ. ನಿಮ್ಮ ಹನ್ನೊಂದು ವರ್ಷದ ಕೆಲಸದಿಂದ ನೂರು ಚಿತ್ರ ಆರಿಸಿ. ಸ್ಪರ್ಧೆಯಲ್ಲಿ ಸೋತವೂ ಅದರಲ್ಲಿ ಇರಲಿ. ಎಲ್ಲವನ್ನೂ 4x6 ಇಂಚಿನ ಸಾದಾ ಪ್ರಿಂಟ್ ಹಾಕಿಸಿ. ಪರದೆಯ ಮೇಲೆ ಈ ಕೆಲಸ ಆಗುವುದಿಲ್ಲ, ಕಾಗದವೇ ಬೇಕು. ನೆಲದ ಮೇಲೆ ಹರಡಿ ಒಂದು ವಾರ ಹಾಗೇ ಬಿಡಿ. ಹೋಗುತ್ತಾ ಬರುತ್ತಾ ಜಾಗ ಬದಲಿಸಿ. ನಾಲ್ಕನೇ ದಿನಕ್ಕೆ ಕೆಲವು ಚಿತ್ರಗಳು ತಾವಾಗಿಯೇ ಹತ್ತಿರ ಬರುತ್ತವೆ. ನೀವು ಯಾವುದನ್ನು ಮತ್ತೆ ಮತ್ತೆ ನೋಡುತ್ತಿದ್ದಿರಿ ಅಂತ ಆಗ ಗೊತ್ತಾಗುತ್ತದೆ. ಅದನ್ನು ಹಿಡಿದುಕೊಂಡು ಇನ್ನೊಂದು ವರ್ಷ ಅದರ ಮೇಲೇ ಕೆಲಸ ಮಾಡಿ.

ತೆಗೆದುಹಾಕುವಾಗ ಹೊಟ್ಟೆ ಉರಿಯುತ್ತದೆ. ಎಲ್ಲರಿಗೂ ಉರಿಯುತ್ತದೆ. 1955ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್ ಹಲವರ ಚಿತ್ರಗಳನ್ನು ಆರಿಸಿ 'ದಿ ಫ್ಯಾಮಿಲಿ ಆಫ್ ಮ್ಯಾನ್' ಪ್ರದರ್ಶನ ಮಾಡಿದರು. ಸುಮಾರು 20 ಲಕ್ಷ ಚಿತ್ರಗಳಿಂದ ಶುರುವಾಗಿ, ಕಡೆಗೆ ಗೋಡೆಗೆ ಬಂದದ್ದು 503. ಅದೇ ಮ್ಯೂಸಿಯಂನಲ್ಲಿ 1976ರಲ್ಲಿ ವಿಲಿಯಂ ಎಗಲ್‌ಸ್ಟನ್ ಅವರ ಬಣ್ಣದ ಚಿತ್ರಗಳನ್ನು ತೂಗುಹಾಕಿದರು. ಮೂರು ಚಕ್ರದ ಮಕ್ಕಳ ಸೈಕಲ್ಲು, ಇಂಥವು. ಇದರಲ್ಲೇನಿದೆ ಅಂತ ಆಗ ಬಹಳ ವಿಮರ್ಶಕರು ಬೈದರು. ಅವುಗಳಲ್ಲಿ ಎಷ್ಟೋ ಚಿತ್ರಗಳು ಬಿಡಿಯಾಗಿ ಸಲಾನ್‌ನ ಮೊದಲ ಸುತ್ತನ್ನೂ ದಾಟುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಒಟ್ಟಿಗೆ ನೋಡಿದಾಗ ಮಾತ್ರ ಆ ಕಣ್ಣು ಏನನ್ನು ಹುಡುಕುತ್ತಿತ್ತು ಅಂತ ತಿಳಿಯುತ್ತದೆ.

ಗ್ಯಾಲರಿಗೆ ಬರೆಯುವಾಗ ಮೊದಲು ಅವರು ಹಿಂದಿನ ಎರಡು ವರ್ಷ ಏನೇನು ತೋರಿಸಿದ್ದಾರೆ ನೋಡಿ. ಬರೀ ಚಿತ್ರಕಲೆ ತೋರಿಸುವವರಿಗೆ ಫೋಟೋ ಕಳಿಸಿ ಕಾಯುವುದರಲ್ಲಿ ಅರ್ಥವಿಲ್ಲ. ಒಂದೇ ಸರಣಿಯ 12ರಿಂದ 15 ಚಿತ್ರಗಳು, ಒಂದೇ ಪಿಡಿಎಫ್ ಕಡತ, ಜೊತೆಗೆ ಒಂದು ಪುಟದ ಬರಹ. ಸಾಕು. ಸಲಾನ್ ಪಟ್ಟಿಯನ್ನು ಒಂದೇ ಸಾಲಿನಲ್ಲಿ ಮುಗಿಸಿ.

ಪ್ರಶ್ನೆ: ಅಕ್ಕಾ, ನಾನು ಕಲಾಶಾಲೆಯ ವಿದ್ಯಾರ್ಥಿನಿ. ವಿದೇಶದ ಒಂದು ಗ್ಯಾಲರಿಯಿಂದ ಇಮೇಲ್ ಬಂದಿದೆ. 'ನಿಮ್ಮ ಕೆಲಸ ನಮಗೆ ತುಂಬಾ ಹಿಡಿಸಿತು, ಮೂರು ಚಿತ್ರ ಪ್ರದರ್ಶಿಸುತ್ತೇವೆ' ಎಂದಿದ್ದಾರೆ. ಆದರೆ ಗೋಡೆಯ ಜಾಗಕ್ಕೆ ನಾನೇ ಹಣ ಕೊಡಬೇಕಂತೆ. ಕೊಡಬಹುದಾ?

ಬೇಡಮ್ಮಾ. ಕೊಡಬೇಡ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನನ್ನ ಮೂವತ್ತನೇ ವಯಸ್ಸಿನಲ್ಲಿ ನನಗೂ ಇಂಥದ್ದೇ ಪತ್ರ ಬಂದಿತ್ತು. ಓದಿ ಖುಷಿಯಾಗಿ ಹಣ ಕಟ್ಟಿದೆ. ಪ್ರಿಂಟ್, ಫ್ರೇಮ್, ಸಾಗಣೆ, ಎಲ್ಲ ನನ್ನದೇ ಖರ್ಚು. ಆಮೇಲೆ ಅವರು ಕಳಿಸಿದ ಫೋಟೋ ನೋಡಿದರೆ ನನ್ನ ಚಿತ್ರಗಳು ಬಾಗಿಲ ಹಿಂದೆ, ಇನ್ನೂ ನಲವತ್ತು ಜನರ ಕೆಲಸದ ಮಧ್ಯೆ ಇದ್ದವು. ಮೂರರಲ್ಲಿ ಒಂದು ಪ್ರಿಂಟ್ ವಾಪಸ್ ಬರಲೇ ಇಲ್ಲ. ಅಲ್ಲಿಯವರಿಗೆ ಚಿತ್ರ ಮಾರಾಟವಾಗಬೇಕು ಅನ್ನುವ ತುರ್ತೇ ಇರಲಿಲ್ಲ. ಅವರ ಗಳಿಕೆ ನಮ್ಮಿಂದಲೇ ಆಗಿಹೋಗಿತ್ತು.

ನಿಜವಾದ ಗ್ಯಾಲರಿ ಚಿತ್ರ ಮಾರಿದಾಗ ತನ್ನ ಪಾಲು ತೆಗೆದುಕೊಳ್ಳುತ್ತದೆ. ಸಾಮಾನ್ಯವಾಗಿ ಶೇಕಡ 40ರಿಂದ 50. ಕೇಳಿದಾಗ ಜಾಸ್ತಿ ಅನಿಸಬಹುದು. ಆದರೆ ಆಗ ಅವರ ಲಾಭವೂ ನಿನ್ನ ಲಾಭವೂ ಒಂದೇ ಕಡೆ ಇರುತ್ತದೆ. ಮಾರಲು ಅವರೂ ಒದ್ದಾಡುತ್ತಾರೆ.

ಪ್ರವೇಶ ಶುಲ್ಕ ಬೇರೆ ವಿಷಯ. ಚಿತ್ರಗಳನ್ನು ಆಹ್ವಾನಿಸಿ ತೀರ್ಪುಗಾರರಿಂದ ಆರಿಸುವ ಪ್ರದರ್ಶನಗಳಲ್ಲಿ ಸಣ್ಣ ಶುಲ್ಕ ಇರುವುದುಂಟು. ಅದೆಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಕಟ್ಟುವ ಮೊದಲು ಸ್ವಲ್ಪ ಕೆದಕಿ ನೋಡು. ತೀರ್ಪುಗಾರರ ಹೆಸರು ಹಾಕಿದ್ದಾರಾ? ಅವರು ನಿನ್ನ ಕೆಲಸ ನೋಡಲಿ ಅಂತ ನಿನಗೇ ಆಸೆ ಆಗುವಂಥವರಾ? ಹೋದ ವರ್ಷದ ಚಿತ್ರಗಳು ನಿಜವಾಗಿ ಗೋಡೆಗೆ ಬಂದವಾ, ಇಲ್ಲಾ ಬರೀ ವೆಬ್‌ಸೈಟಿನಲ್ಲಿ ನಿಂತವಾ? ಆಯ್ಕೆಯಾದ ಮೇಲೆ ಪ್ರಿಂಟ್, ಸಾಗಣೆ, ವಿಮೆ ಯಾರ ತಲೆ ಮೇಲೆ? ಕೆಲವು ಕಡೆ ಶುಲ್ಕ ಚಿಕ್ಕದು, ಆದರೆ ಆಯ್ಕೆಯಾದ ಮೇಲೆ ಬರುವ ಖರ್ಚು ಅದರ ಹತ್ತುಪಟ್ಟು.

ಎಲ್ಲಕ್ಕಿಂತ ಮುಖ್ಯವಾಗಿ ಹಕ್ಕಿನ ಷರತ್ತು ಓದು. ಪ್ರದರ್ಶನದ ಪ್ರಚಾರಕ್ಕೆ ಇಂತಿಷ್ಟು ಕಾಲ ಬಳಸುತ್ತೇವೆ ಅಂದರೆ ಸರಿ. ಕಳಿಸಿದ ಎಲ್ಲ ಚಿತ್ರಗಳನ್ನೂ, ಆಯ್ಕೆಯಾಗದವನ್ನೂ ಸೇರಿಸಿ, ಯಾವ ಉದ್ದೇಶಕ್ಕಾದರೂ ಎಂದೆಂದಿಗೂ ಬಳಸುತ್ತೇವೆ ಅಂತಿದ್ದರೆ ಅದು ಪುಕ್ಕಟೆಯಾಗಿ ಚಿತ್ರ ಕೂಡಿಹಾಕುವ ದಾರಿ. ಅಲ್ಲಿಗೆ ಕಳಿಸಬೇಡ.

ಶುಲ್ಕವೇ ಇಲ್ಲದ ದೊಡ್ಡ ಸ್ಪರ್ಧೆಗಳೂ ಇವೆ. ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ಗೆ ಪ್ರವೇಶ ಉಚಿತ. ವಿದ್ಯಾರ್ಥಿಗಳಿಗೆ ಬೇರೆ ವಿಭಾಗವೇ ಇದೆ. ಆಯ್ಕೆಯಾದವು ಲಂಡನ್ನಿನ ಸಾಮರ್‌ಸೆಟ್ ಹೌಸಿನಲ್ಲಿ ಪ್ರದರ್ಶನಕ್ಕೆ ಬರುತ್ತವೆ. ಶುಲ್ಕದ ಮಾತು ಬದಿಗಿಟ್ಟು, ಹಳೆಯದು ಬೇಕಾದರೆ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯದ್ದಿದೆ. ಅದರ ಪ್ರದರ್ಶನ 1854ರಲ್ಲಿ ಶುರುವಾದದ್ದು, ಇವತ್ತಿಗೂ ನಡೆಯುತ್ತಿದೆ. ಪ್ರತಿ ವರ್ಷ ನಿಯಮ ಬದಲಾಗಬಹುದು, ಆಯಾ ವರ್ಷದ್ದನ್ನೇ ಓದಿಕೋ.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಪ್ರದರ್ಶನಕ್ಕೆ ಎಷ್ಟು ದೊಡ್ಡದು ಮಾಡಬಹುದು?

ಲೆಕ್ಕ ಸುಲಭ. 12 ಮೆಗಾಪಿಕ್ಸೆಲ್ ಚಿತ್ರ ಅಂದರೆ ಸುಮಾರು 4000x3000 ಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್‌ನಂತೆ ಹಾಕಿದರೆ 13x10 ಇಂಚು. 200ಕ್ಕೆ ಇಳಿಸಿದರೆ 20x15. ಒಂದೆರಡು ಮೀಟರ್ ದೂರದಿಂದ ನೋಡುವ ಚಿತ್ರಕ್ಕೆ ಇದು ನಡೆಯುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಹೋಗಿಬಂದ ಕಡತ ಬೇಡ, ಅದು ಸಾಮಾನ್ಯವಾಗಿ ಕುಗ್ಗಿರುತ್ತದೆ. ಮೂಲ ಕಡತವನ್ನೇ ಕೊಡಿ.

ದೊಡ್ಡದೇ ಬೇಕು ಅಂತ ಹಟ ಯಾಕೆ? ಅಂಗೈಯಗಲದ ಚಿತ್ರಕ್ಕೆ ಅಗಲವಾದ ಬಿಳಿ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು) ಕೊಟ್ಟರೆ ಜನ ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ಕೆಲವು ಚಿತ್ರಗಳಿಗೆ ಆ ಹತ್ತಿರವೇ ಬೇಕು. ಇನ್ನೊಂದು ಮಾತು: ಪ್ರಿಂಟ್ ಕಪ್ಪಾಗಿ ಬಂತು ಅಂತ ಬರುವವರಲ್ಲಿ ಹತ್ತಕ್ಕೆ ಎಂಟು ಜನರ ಪರದೆಯ ಬೆಳಕು ಪೂರ್ತಿ ಮೇಲಕ್ಕೆ ಇರುತ್ತದೆ. ಅದನ್ನು ತಗ್ಗಿಸಿ, ಆಮೇಲೆ ಚಿತ್ರ ತಿದ್ದಿ.

ಪ್ರಶ್ನೆ: ಪೋರ್ಟ್‌ಫೋಲಿಯೋ ರಿವ್ಯೂಗೆ ಮೊದಲ ಸಲ ಹೋಗುತ್ತಿದ್ದೇನೆ. ಒಬ್ಬೊಬ್ಬ ಕ್ಯುರೇಟರ್ (ಪ್ರದರ್ಶನಕ್ಕೆ ಚಿತ್ರ ಆರಿಸಿ ಜೋಡಿಸುವವರು) ಜೊತೆ 20 ನಿಮಿಷ ಅಂತೆ. ಏನು ಒಯ್ಯಲಿ, ಏನು ಹೇಳಲಿ?

ಹೋಗುತ್ತಿರುವುದು ಬಹಳ ಒಳ್ಳೆಯದಾಯಿತು. ಫ್ರಾನ್ಸಿನ ಆರ್ಲ್ ಊರಿನ ಉತ್ಸವ 1970ರಿಂದ ನಡೆಯುತ್ತಿದೆ. ಅಮೆರಿಕದ ಹ್ಯೂಸ್ಟನ್ನಿನ ಫೋಟೋಫೆಸ್ಟ್ 1986ರಲ್ಲಿ ಶುರುವಾಯಿತು. ಇಂಥ ಕಡೆಗಳಲ್ಲಿ ಮೇಜಿನ ಆಚೆ ಕ್ಯುರೇಟರ್, ಈಚೆ ಛಾಯಾಗ್ರಾಹಕ ಕೂತು ಚಿತ್ರಗಳ ಬಗ್ಗೆ ಮಾತಾಡುವ ಪದ್ಧತಿ ಗಟ್ಟಿಯಾಗಿ ಬೆಳೆಯಿತು. ಬಾಗಿಲು ತೆರೆಯದ ಎಷ್ಟೋ ಗ್ಯಾಲರಿಗಳವರು ಅಲ್ಲಿ ನಿಮ್ಮೆದುರೇ ಕೂತಿರುತ್ತಾರೆ.

ಒಂದು ಪೆಟ್ಟಿಗೆಯಲ್ಲಿ 15ರಿಂದ 20 ಪ್ರಿಂಟ್. ಎಲ್ಲ ಒಂದೇ ಅಳತೆಯ ಕಾಗದ. ಕೈಯಲ್ಲಿ ಹಿಡಿಯುವಂತಿರಲಿ, 11x14 ಇಂಚಿಗಿಂತ ದೊಡ್ಡದು ಆ ಮೇಜಿಗೆ ಹೊರೆ. ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಬೇಡಿ, ಹೊಳಪಿನಲ್ಲಿ ಏನೂ ಕಾಣುವುದಿಲ್ಲ. ಒಂದು ಸರಣಿ ತೋರಿಸಿ. ಕೇಳಿದರೆ ಮಾತ್ರ ಇನ್ನೊಂದು.

ಮಾತಿನ ಬಗ್ಗೆ ಹೇಳುವುದಾದರೆ, ಮೊದಲ ಎರಡು ನಿಮಿಷದಲ್ಲಿ ಈ ಚಿತ್ರಗಳು ಯಾವುದರ ಬಗ್ಗೆ ಅಂತ ಸರಳವಾಗಿ ಹೇಳಿ ಸುಮ್ಮನಾಗಿ. ಇದು ಕಷ್ಟ, ನನಗೆ ಗೊತ್ತು. ಆದರೆ ಅವರು ನೋಡುವಾಗ ಅವರ ಕೈ ಗಮನಿಸಿ. ಯಾವ ಚಿತ್ರ ಬೇಗ ತಿರುವಿದರು, ಯಾವುದರಲ್ಲಿ ನಿಂತರು, ಯಾವುದನ್ನು ಹಿಂದೆ ಹೋಗಿ ಮತ್ತೆ ತೆಗೆದರು. ಬಾಯಲ್ಲಿ ಹೇಳುವುದಕ್ಕಿಂತ ಜಾಸ್ತಿ ಅಲ್ಲಿ ತಿಳಿಯುತ್ತದೆ. ಐದು ಜನ ಅದೇ ಚಿತ್ರ ದಾಟಿ ಹೋದರೆ ಅದನ್ನು ತೆಗೆದುಹಾಕಿ. 'ನನಗೆ ಒಂದು ಪ್ರದರ್ಶನ ಕೊಡಿ' ಅಂತ ಅಲ್ಲೇ ಕೇಳಬೇಡಿ. 'ಈ ಕೆಲಸವನ್ನು ಇನ್ಯಾರು ನೋಡಿದರೆ ಒಳ್ಳೆಯದು?' ಅಂತ ಕೇಳಿ. ನನಗೆ ನನ್ನ ಎರಡನೇ ಪ್ರದರ್ಶನ ಸಿಕ್ಕಿದ್ದು ಈ ಪ್ರಶ್ನೆಯಿಂದ.

ಪ್ರಶ್ನೆ: ಎಡಿಷನ್ ಅಂದರೇನು? ಎಷ್ಟು ಇಡಬೇಕು? ಮುಗಿದ ಮೇಲೆ ಮತ್ತೆ ಪ್ರಿಂಟ್ ಹಾಕಬಾರದಾ?

ಒಂದು ಚಿತ್ರದ ಇಂತಿಷ್ಟೇ ಪ್ರಿಂಟ್ ಮಾಡುತ್ತೇನೆ ಅಂತ ಕೊಳ್ಳುವವರಿಗೆ ಕೊಡುವ ಮಾತು ಅದು. 3/10 ಅಂದರೆ ಹತ್ತರಲ್ಲಿ ಮೂರನೆಯದು. ಕಲಾವಿದರ ಪ್ರತಿ ಅಂತ ಒಂದೆರಡು ನಿಮಗಾಗಿ ಇಟ್ಟುಕೊಳ್ಳಬಹುದು, ಅದನ್ನೂ ಮೊದಲೇ ಬರೆದಿಡಿ. ಹೊಸಬರು ಐದರಿಂದ ಹತ್ತು ಇಟ್ಟರೆ ಸಾಕು. ನೂರು ಅಂತ ಬರೆದು ನಾಲ್ಕು ಮಾರುವುದಕ್ಕಿಂತ ಅದು ಚೆಂದ.

ಅಳತೆ ಬದಲಿಸಿ ಹೊಸ ಎಡಿಷನ್ ಮಾಡುವುದು ಸೂಕ್ಷ್ಮ ವಿಷಯ. ಮೇಲೆ ಹೇಳಿದ ಎಗಲ್‌ಸ್ಟನ್ ಅವರದ್ದೇ ಒಂದು ಪ್ರಕರಣ ಇದೆ. ಅವರ ಹಳೆಯ ಎಡಿಷನ್‌ಗಳು ಡೈ ಟ್ರಾನ್ಸ್‌ಫರ್ ಅನ್ನುವ, ಬಣ್ಣಗಳನ್ನು ಒಂದೊಂದಾಗಿ ಕಾಗದಕ್ಕೆ ಇಳಿಸುವ ವಿಧಾನದವು. 2012ರಲ್ಲಿ ಅವೇ ಚಿತ್ರಗಳನ್ನು ದೊಡ್ಡ ಅಳತೆಯ ಡಿಜಿಟಲ್ ಪ್ರಿಂಟ್ ಮಾಡಿ ಹರಾಜಿಗೆ ಇಟ್ಟರು. ಹಳೆಯ ಪ್ರಿಂಟ್ ಕೊಂಡಿದ್ದ ಸಂಗ್ರಾಹಕರೊಬ್ಬರು ಕೋರ್ಟಿಗೆ ಹೋದರು. ಹೊಸದು ಬೇರೆಯದೇ ಎಡಿಷನ್ ಅಂತ 2013ರಲ್ಲಿ ದಾವೆ ಬಿದ್ದುಹೋಯಿತು. ಕಾನೂನು ಎಗಲ್‌ಸ್ಟನ್ ಕಡೆ ನಿಂತಿತು. ಆದರೂ ನಾನು ನಿಮಗೆ ಹೇಳುವುದು ಬೇರೆ. ಮೊದಲ ಪ್ರಿಂಟ್ ಮಾರುವ ದಿನವೇ ಯಾವ ಅಳತೆಯಲ್ಲಿ ಎಷ್ಟು ಅಂತ ಕಾಗದದಲ್ಲಿ ಬರೆದು ಕೊಟ್ಟುಬಿಡಿ. ನಿಮ್ಮನ್ನು ನಂಬಿ ಮೊದಲು ಕೊಂಡವರು ಆಮೇಲೆ ಬೇಜಾರಾಗಬಾರದು. ಒಂದು ನೋಟ್‌ಬುಕ್ ಇಡಿ: ಯಾವ ಸಂಖ್ಯೆ, ಯಾವ ಕಾಗದ, ಯಾವ ದಿನ, ಯಾರಿಗೆ. ನನ್ನದು ಎರಡು ಪುಸ್ತಕ ತುಂಬಿದೆ.

ಪ್ರಿಂಟ್ ಮಾರಿದರೆ ಹಕ್ಕುಸ್ವಾಮ್ಯ ಅದರ ಜೊತೆ ಹೋಗುವುದಿಲ್ಲ. ಕೊಂಡವರು ಗೋಡೆಗೆ ಹಾಕಿಕೊಳ್ಳಬಹುದು, ಕ್ಯಾಲೆಂಡರ್ ಮಾಡಿಸುವ ಹಾಗಿಲ್ಲ.

ಪ್ರಶ್ನೆ: ನಮ್ಮಂಥವರಿಗೆ ಗ್ಯಾಲರಿ ಸಿಗುವುದೇ ಇಲ್ಲ ಅಂದುಕೊಳ್ಳಿ. ಬೇರೆ ದಾರಿ ಇದೆಯಾ?

ಇದೆ. ಮೊದಲಿನಿಂದಲೂ ಇದೆ. ಫೋಟೋ ಕಲೆಯೇ ಅಲ್ಲ ಅಂತ ಅನ್ನುತ್ತಿದ್ದ ಕಾಲದಲ್ಲಿ, 1905ರಲ್ಲಿ, ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ನ್ಯೂಯಾರ್ಕಿನ ಐದನೇ ಅವೆನ್ಯೂವಿನ 291ನೇ ನಂಬರಿನಲ್ಲಿ ಕೆಲವು ಸಣ್ಣ ಕೋಣೆ ಹಿಡಿದು ಪ್ರದರ್ಶನ ಶುರುಮಾಡಿದರು. ಆಗ ಜೊತೆಗಿದ್ದ ಯುವಕ ಸ್ಟೈಕನ್. ಮೇಲೆ ಹೇಳಿದ ಆ 503 ಚಿತ್ರಗಳನ್ನು ಆರಿಸಿದವರು. 1954ರಲ್ಲಿ ಹೆಲೆನ್ ಗೀ ಎಂಬಾಕೆ ಅದೇ ನಗರದಲ್ಲಿ ಒಂದು ಕಾಫಿ ಹೌಸ್ ತೆರೆದು ಅಲ್ಲೇ ಫೋಟೋ ಗ್ಯಾಲರಿ ನಡೆಸಿದರು. ಕಾಫಿ ಮಾರಿದ ಹಣ ಗೋಡೆಯನ್ನು ಸಾಕುತ್ತಿತ್ತು. ಏಳು ವರ್ಷ ನಡೆಯಿತು. ಢಾಕಾದ ಛೋಬಿ ಮೇಳಾ 2000ದಲ್ಲಿ ಶುರುವಾದ ಉತ್ಸವ. ಅಲ್ಲಿ ಚಿತ್ರಗಳನ್ನು ರಿಕ್ಷಾ ಗಾಡಿಗೆ ಕಟ್ಟಿ ಬೀದಿ ಬೀದಿಗೆ ಒಯ್ದಿದ್ದಾರೆ. ಗ್ಯಾಲರಿಯ ಮೆಟ್ಟಿಲು ಹತ್ತಲು ಹಿಂಜರಿಯುವವರ ಹತ್ತಿರ ಚಿತ್ರವೇ ಹೋಯಿತು. ಈ ಸಂಗತಿ ನೆನೆದಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಛಾಯಾಗ್ರಾಹಕಿ ದಯಾನಿತಾ ಸಿಂಗ್ ಅವರ ಕೆಲಸವನ್ನೂ ನೋಡಿ. ಅಕಾರ್ಡಿಯನ್ ಥರ ಮಡಚುವ ಪುಟ್ಟ ಪುಸ್ತಕಗಳನ್ನು ಮಾಡಿದ್ದಾರೆ. ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿದರೆ ಅದೇ ಒಂದು ಪ್ರದರ್ಶನ. ಕೊಂಡವರೇ ಕ್ಯುರೇಟರ್.

ಗ್ರಂಥಾಲಯ, ರಂಗಮಂದಿರದ ಮೊಗಸಾಲೆ, ಶಾಲೆಯ ಕಾರಿಡಾರ್, ಗೆಳೆಯರ ಖಾಲಿ ಕೋಣೆ, ಯಾವುದಾದರೂ ಆಗಬಹುದು. ನೇರ ಬಿಸಿಲು ಬೀಳುವ ಗೋಡೆ ಮಾತ್ರ ಬೇಡ. ಪರಿಚಯವಿದ್ದ ಜಾಗವೇ ಆದರೂ ಒಂದು ಕಾಗದದಲ್ಲಿ ಬರೆದುಕೊಳ್ಳಿ: ಎಷ್ಟು ಚಿತ್ರ, ಎಷ್ಟು ದಿನ, ಹಾಳಾದರೆ ಯಾರು ಹೊಣೆ, ಮಾರಾಟವಾದರೆ ಯಾರಿಗೆ ಎಷ್ಟು.

ಪ್ರಶ್ನೆ: ನಿವೃತ್ತಿಯಾದ ಮೇಲೆ ಕ್ಯಾಮೆರಾ ಹಿಡಿದೆ. ನನಗೀಗ 63. ತಡವಾಯಿತಾ?

ಇಲ್ಲ ಸಾರ್. ಬ್ರಿಟನ್ನಿನ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಅವರಿಗೆ ಮಗಳು ಕ್ಯಾಮೆರಾ ತಂದುಕೊಟ್ಟದ್ದು 1863ರಲ್ಲಿ, ಆಗ ಅವರಿಗೆ 48. ಎರಡೇ ವರ್ಷದಲ್ಲಿ ಈಗಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ ಅವರ ಚಿತ್ರಗಳನ್ನು ಕೊಂಡು ಪ್ರದರ್ಶನಕ್ಕಿಟ್ಟಿತ್ತು. ಫೋಕಸ್ ಸರಿಯಿಲ್ಲ ಅಂತ ಬೈದವರು ಬಹಳ ಜನ. ಅವರು ಕೇಳಲಿಲ್ಲ. ನಿಮ್ಮ ಹತ್ತಿರ ನಿಮ್ಮ ಕೆಲಸದ ಸ್ಥಳದ ಮೂವತ್ತು ವರ್ಷದ ನೆನಪಿದೆ, ಹಳೆಯ ಸಹೋದ್ಯೋಗಿಗಳಿದ್ದಾರೆ. ಅವರ ಭಾವಚಿತ್ರ ತೆಗೆಯಿರಿ. ಬೇರೆ ಯಾವ ಛಾಯಾಗ್ರಾಹಕರಿಗೂ ಅವರು ಹಾಗೆ ಮುಖ ಕೊಡುವುದಿಲ್ಲ.

ಪ್ರಶ್ನೆ: ಮುಂದಿನ ವಾರ ನನ್ನ ಮೊದಲ ಪ್ರದರ್ಶನ. 18 ಚಿತ್ರ. ನಾವೇ ತೂಗುಹಾಕಬೇಕು. ಹೇಗೆ?

ಅಭಿನಂದನೆ! ಮೊದಲು ಫ್ರೇಮ್ ತಿರುಗಿಸಿ ನೋಡಿ. ಪ್ರಿಂಟ್ ಗಾಜಿಗೆ ತಾಗುತ್ತಿದೆಯಾ? ತಾಗಬಾರದು. ಮಧ್ಯೆ ಮೌಂಟ್ ಬೋರ್ಡ್ ಇರಲೇಬೇಕು, ಅದೂ ಆಮ್ಲರಹಿತವಾದದ್ದು. ನನ್ನ ಮೊದಲ ಪ್ರದರ್ಶನದ ಫ್ರೇಮ್‌ಗಳನ್ನು ಬೋರ್ಡ್ ಇಲ್ಲದೆ ಕಟ್ಟಿಕೊಟ್ಟಿದ್ದರು. ನಾನೂ ಕೇಳಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆರು ಪ್ರಿಂಟ್ ಗಾಜಿಗೆ ಅಂಟಿಕೊಂಡವು. ಬಿಡಿಸಲು ಹೋದರೆ ಮೇಲ್ಪದರವೇ ಕಿತ್ತು ಬಂತು. ಅವುಗಳಲ್ಲಿ ಎರಡರ ನೆಗೆಟಿವ್ ಈಗ ಇಲ್ಲ.

ಇನ್ನು ಎತ್ತರ. ಎಲ್ಲ ಚಿತ್ರಗಳ ನಡುಮಧ್ಯ ನೆಲದಿಂದ ಸುಮಾರು 57 ಇಂಚಿಗೆ ಬರಲಿ, ಅಂದರೆ 145 ಸೆಂಟಿಮೀಟರ್. ಲೆಕ್ಕ ಹೀಗೆ. ಫ್ರೇಮಿನ ಎತ್ತರ 24 ಇಂಚು ಅನ್ನಿ, ಅರ್ಧ 12. ಹಿಂದಿನ ತಂತಿಯನ್ನು ಬೆರಳಿಂದ ಮೇಲಕ್ಕೆ ಎಳೆದಾಗ ಅದು ಫ್ರೇಮಿನ ಮೇಲಂಚಿನಿಂದ 3 ಇಂಚು ಕೆಳಗೆ ನಿಲ್ಲುತ್ತದೆ ಅನ್ನಿ. 57ಕ್ಕೆ 12 ಕೂಡಿಸಿ 3 ಕಳೆದರೆ 66. ಮೊಳೆ ಅಲ್ಲಿಗೆ. ಒಂದರ ಬದಲು ಎರಡು ಮೊಳೆ ಹೊಡೆದರೆ ಫ್ರೇಮ್ ವಾಲುವುದಿಲ್ಲ. ಕೆಳಗಿನ ಎರಡು ಮೂಲೆಗೆ ಸಣ್ಣ ರಬ್ಬರ್ ಗುಂಡಿ ಅಂಟಿಸಿ.

ಮೊಳೆ ಹೊಡೆಯುವ ಮೊದಲು ಅಷ್ಟನ್ನೂ ಗೋಡೆ ಬುಡದಲ್ಲಿ ಒರಗಿಸಿ. ಬಾಗಿಲಿಂದ ಒಳಗೆ ಬಂದು ನೋಡಿ, ಹೊರಗೆ ಹೋಗಿ ಮತ್ತೆ ಬನ್ನಿ. ಒಳಗೆ ಬಂದ ಕೂಡಲೇ ಕಾಣುವ ಚಿತ್ರ ಯಾವುದು ಅನ್ನೋದು ಮೊದಲು ತೀರ್ಮಾನವಾಗಲಿ. ಅದು ನಿಮ್ಮ ಅತಿ ಬೆರಗಿನ ಚಿತ್ರ ಆಗಬೇಕಾಗಿಲ್ಲ, ಉಳಿದವುಗಳಿಗೆ ಬಾಗಿಲು ತೆರೆಯುವಂಥದ್ದು ಆಗಲಿ. 18 ಇಕ್ಕಟ್ಟಾದರೆ 15 ಹಾಕಿ. ಮೂರನ್ನು ಪೆಟ್ಟಿಗೆಯಲ್ಲೇ ಬಿಡಿ, ಯಾರೂ ಕೇಳುವುದಿಲ್ಲ.

ದೀಪಗಳನ್ನು ಮೇಲಿನಿಂದ ಓರೆಯಾಗಿ ಬಿಡಿ. ಆಮೇಲೆ ನಿಮಗಿಂತ ಗಿಡ್ಡ ಇರುವವರನ್ನೂ ಎತ್ತರ ಇರುವವರನ್ನೂ ಕರೆದು ಪ್ರತಿ ಚಿತ್ರದ ಮುಂದೆ ನಿಲ್ಲಿಸಿ. ಗಾಜಿನಲ್ಲಿ ಬಲ್ಬು ಕಾಣುತ್ತದಾ ಅಂತ ಕೇಳಿ. ಕಂಡರೆ ದೀಪ ಸ್ವಲ್ಪ ತಿರುಗಿಸಿ.

ತೆರೆದಿರುವಷ್ಟು ದಿನವೂ ಸಾಧ್ಯವಾದಷ್ಟು ಹೊತ್ತು ಅಲ್ಲೇ ಇರಿ. ಬಂದವರಿಗೆ ವಿವರಿಸಲು ಹೋಗಬೇಡಿ, ಮೂಲೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತು ನೋಡಿ. ಯಾವ ಚಿತ್ರದ ಮುಂದೆ ಜನ ಹೆಚ್ಚು ಹೊತ್ತು ನಿಂತರು ಅಂತ ಆಮೇಲೆ ನನಗೊಂದು ಪತ್ರ ಬರೆಯಿರಿ.